ಮೇಲೆ ನೋಡಬೇಡಿ ಎಂದ ಕಾವಲುಗಾರ

ಒಂದು ಕಾಡಿನಲ್ಲಿ ಹಕ್ಕಿಗಳೆಲ್ಲ ಸೇರಿ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದವು. ರೆಕ್ಕೆ ಇರುವವರಿಗೆ ವಾಕಿಂಗ್ ಯಾಕೆ ಎಂದು ನಗಬೇಡಿ. ಗಣೇಶನನ್ನು ನೀರಿಗೆ ಬಿಟ್ಟಾಗಿರುತ್ತದೆ, ನವರಾತ್ರಿ ಇನ್ನೂ ಬಂದಿರುವುದಿಲ್ಲ. ಮಳೆ ಹಿಂದೆ ಸರಿದ ಆ ಹೊತ್ತಿನಲ್ಲಿ ಆ ಕಾಡನ್ನು ಕಂಡವರು ಹೀಗೆ ಕೇಳುವುದಿಲ್ಲ. ಹುಲ್ಲು ಸೊಂಟದವರೆಗೆ ಬೆಳೆದಿರುತ್ತಿತ್ತು. ಜೇಡರ ಬಲೆಗಳು ಇಬ್ಬನಿಯ ಭಾರಕ್ಕೆ ಜೋತಾಡುತ್ತಿದ್ದವು. ಮಿಡತೆಗಳು ತಿಂದು ತಿಂದು ನೆಗೆಯುವುದನ್ನೇ ಮರೆತಿದ್ದವು. ಸೂರ್ಯನ ಕುದುರೆ ಎಂಬ ಹಸಿರು ಹುಳ ಮುಂಗಾಲು ಜೋಡಿಸಿಕೊಂಡು ಸಾಧುವಿನ ಹಾಗೆ ಕೂತಿರುತ್ತಿತ್ತು. ಆ ಕಾಡು ಎಲ್ಲಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ. ಎಲ್ಲ ದಿಕ್ಕೂ ಸರಿಯೇ.

ವಾಕಿಂಗಿಗೆ ಒಂದು ಕ್ರಮವಿತ್ತು. ಹರಟೆಮಲ್ಲ ಹಕ್ಕಿಗಳು ಮುಂದೆ. ಅವು ನೆಲದ ಮೇಲೆ ಕುಪ್ಪಳಿಸುತ್ತ ತರಗೆಲೆ ಮಗುಚುತ್ತಿದ್ದವು. ಪೊದೆಗಳ ನಡುವೆ ಬೀಸಣಿಗೆ ಬಾಲದ ಸಣ್ಣ ಹಕ್ಕಿಗಳು. ಕಾಂಡಗಳ ಮೇಲೆ ಮರಕುಟಿಗ. ಒಬ್ಬರು ಕೆದಕಿದಾಗ ಎದ್ದ ಹುಳ ಇನ್ನೊಬ್ಬರ ಬಾಯಿಗೆ. ಎಲ್ಲರ ಕಣ್ಣೂ ಕೆಳಗೇ ಇರುವುದರಿಂದ ಮೇಲೆ ಒಬ್ಬ ಕಾವಲುಗಾರ ಬೇಕಿತ್ತು. ಆ ಕಾವಲುಗಾರನೇ ಕಾಜಾಣ ಕಾಳಪ್ಪ.

ಕಾಳಪ್ಪನ ಮೈ ಎಣ್ಣೆ ಹಚ್ಚಿದಂತೆ ಕಪ್ಪಗಿತ್ತು. ಬಾಲ ಕವಲೊಡೆದಿತ್ತು. ಧೈರ್ಯ ಬೇಕಾದಷ್ಟಿತ್ತು. ಹರೆಯದಲ್ಲಿ ಗಿಡುಗವನ್ನೇ ಅಟ್ಟಿಸಿಕೊಂಡು ಹೋಗಿ ಅದರ ಬೆನ್ನಿನ ಗರಿ ಕಿತ್ತು ತಂದವನು. ಇನ್ನೊಂದು ವಿದ್ಯೆಯೂ ಇತ್ತು. ಯಾರ ದನಿಯನ್ನಾದರೂ ಅವನು ಅನುಕರಿಸಬಲ್ಲ. ಒಮ್ಮೆ ಫಾರೆಸ್ಟ್ ಗಾರ್ಡಿನ ಸೀಟಿ ಊದಿದಾಗ ಗಾರ್ಡೇ ಓಡಿಬಂದು ಮರಕ್ಕೆ ಸೆಲ್ಯೂಟ್ ಹೊಡೆದನಂತೆ. ಇದನ್ನು ಹೇಳಿದವನು ಕಾಳಪ್ಪನೇ.

ಕಾವಲಿಗೆ ಪ್ರತಿಯಾಗಿ ಮೇಲಕ್ಕೆ ಹಾರಿ ಬಂದ ಹುಳಗಳೆಲ್ಲ ಅವನ ಪಾಲು. ಆದರೆ ಹಾರಿ ಬರುವ ಹುಳದಲ್ಲಿ ಏನಿದೆ? ಬರೀ ರೆಕ್ಕೆ, ಕಾಲು. ಕೊಬ್ಬಿದವೆಲ್ಲ ತರಗೆಲೆಯ ಕೆಳಗೆ. ದಪ್ಪ ಬಿಳಿ ಹುಳುವೊಂದು ಹರಟೆಮಲ್ಲಿಯ ಕೊಕ್ಕಿನಲ್ಲಿ ಹೊರಳಾಡುವುದನ್ನು ಕೊಂಬೆಯ ಮೇಲಿಂದ ನೋಡಿದಾಗಲೆಲ್ಲ ಕಾಳಪ್ಪ ಒಂದು ಕೊಂಬೆ ಕೆಳಗಿಳಿದು ಕೂರುತ್ತಿದ್ದ.

ಒಂದು ದಿನ ಅವನು ಎಲ್ಲರನ್ನೂ ಕರೆದ.

"ಹೋದ ವರ್ಷ ಆ ಚೇಕಡಿ ಹಕ್ಕಿ ಹೇಗೆ ಸತ್ತಿತು, ನೆನಪಿದೆಯಾ? ನಾನು ಕೂಗಿದೆ. ಅದು ಎಲ್ಲಿ, ಎಲ್ಲಿ ಅಂತ ಕತ್ತು ತಿರುಗಿಸಿ ನೋಡ್ತಾ ನಿಂತಿತು. ಅಷ್ಟರಲ್ಲಿ ಗಿಡುಗ ಎತ್ತಿಕೊಂಡು ಹೋಯಿತು. ಇನ್ನು ಮೇಲೆ ಹೀಗೆ ಮಾಡಿ. ನಾನು ಕೂಗಿದ ಕೂಡಲೇ ಕೊಕ್ಕಿನಲ್ಲಿ ಇರೋದನ್ನ ಅಲ್ಲೇ ಬಿಟ್ಟುಬಿಡಿ. ಮೇಲೆ ನೋಡಬೇಡಿ. ಸೀದಾ ಸೀಗೆಮೆಳೆಯೊಳಗೆ ನುಗ್ಗಿ. ನಾನು ಹೋಯ್ತು ಅನ್ನೋವರೆಗೂ ತಲೆ ತಗ್ಗಿಸಿಕೊಂಡಿರಿ."

ಸೀಗೆಮೆಳೆ ಎಂದರೆ ಬಯಲಿನ ಅಂಚಿನಲ್ಲಿದ್ದ ದೊಡ್ಡ ಮುಳ್ಳುಪೊದೆ. ಬಯಲಿನ ಕಡೆಯಿಂದ ಒಳಗೆ ಹೋಗಲು ಒಂದೇ ದಾರಿ.

ಮುದಿ ಮರಕುಟಿಗ ನಿಂಗಜ್ಜ ಕಾಂಡದ ಮೇಲಿಂದ ಗೊಣಗಿದ. "ನಮ್ಮ ಕಾಲದಲ್ಲಿ ಹಾಗಿರಲಿಲ್ಲಪ್ಪ. ಕೂಗು ಕೇಳಿದರೆ ಎಲ್ಲರೂ ತಲೆ ಎತ್ತಿ ನೋಡ್ತಿದ್ವಿ. ಎಲ್ಲರೂ ಸೇರಿ ಅದರ ಮುಖ ನೋಡಿ ಕಿರುಚಿದರೆ ಗಿಡುಗ ನಾಚಿಕೊಂಡು ಹೋಗ್ತಿತ್ತು."

"ನಿಮ್ಮ ಕಾಲದಲ್ಲಿ ಗಿಡುಗಕ್ಕೂ ನಾಚಿಕೆ ಇತ್ತು ಅಜ್ಜ," ಎಂದ ಕಾಳಪ್ಪ. ಎಲ್ಲರೂ ನಕ್ಕರು. ಹರಟೆಮಲ್ಲರ ಹಿರಿಯಳಾದ ದ್ಯಾವಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳಿಗೆ ಆ ವರ್ಷದ ಮಳೆಯಲ್ಲಿ ಉಳಿದದ್ದು ಒಂದೇ ಮರಿ. ಅದರ ಹೆಸರು ಕೆಂಚ. ಮರಿ ಗೂಡು ಬಿಟ್ಟಿತ್ತು. ಆದರೆ ರೆಕ್ಕೆ ಇನ್ನೂ ಬಲಿತಿರಲಿಲ್ಲ. ಚಳಿ ಬರುವುದರೊಳಗೆ ಅದರ ಮೈಗೆ ನಾಲ್ಕು ತುತ್ತು ಹತ್ತಬೇಕು ಎನ್ನುವುದೊಂದೇ ಅವಳ ಚಿಂತೆ.

"ಕಾವಲಣ್ಣ ಹೇಳೋದು ಸರಿ," ಎಂದಳು ದ್ಯಾವಕ್ಕ. "ನೋಡೋದು ಅವನ ಕೆಲಸ. ಓಡೋದು ನಮ್ಮ ಕೆಲಸ."

ಅಂದಿನಿಂದ ಅದೇ ಕಟ್ಟಳೆಯಾಯಿತು.

ಮರುದಿನ ಬಿಸಿಲು ಹುಲ್ಲಿನ ತುದಿಗೆ ಬಂದ ಹೊತ್ತಿಗೆ ದ್ಯಾವಕ್ಕನಿಗೆ ಒಂದು ದಪ್ಪ ಹುಳು ಸಿಕ್ಕಿತು. ಕಾಳಪ್ಪ ಆಕಾಶ ನೋಡಿದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅವನು ಕೊರಳು ಉಬ್ಬಿಸಿ ಗಿಡುಗದ ದನಿಯಲ್ಲಿ ಕೂಗಿದ. "ಟಿಟೂ, ಟಿಟೂ!" ಬೆನ್ನಿಗೇ ತನ್ನ ದನಿಯಲ್ಲಿ ಕಿರುಚಿದ. "ಬಂತು, ಬಂತು!"

ಕೊಕ್ಕುಗಳೆಲ್ಲ ತೆರೆದುಕೊಂಡವು. ಹುಳಗಳೆಲ್ಲ ನೆಲಕ್ಕೆ ಬಿದ್ದವು. ತಲೆ ತಗ್ಗಿಸಿದ ದಂಡು ದಡದಡನೆ ಮೆಳೆಯೊಳಗೆ ಹೊಕ್ಕಿತು. ಕಾಳಪ್ಪ ನಿಧಾನವಾಗಿ ಕೆಳಗಿಳಿದ. ಬಿಳಿ ಹುಳು ತಿಂದ. ಮಿಡತೆ ತಿಂದ. ಒಂದು ಸೂರ್ಯನ ಕುದುರೆ ಓಡಲು ನೋಡಿತು. ಅದನ್ನೂ ತಿಂದ. ಕೊಕ್ಕು ಒರೆಸಿಕೊಂಡು ಕೊಂಬೆಗೆ ಹಾರಿದ ಮೇಲೆ "ಹೋಯ್ತು" ಎಂದ.

"ನೀನಿಲ್ಲದಿದ್ದರೆ ನಮ್ಮ ಗತಿ ಏನಣ್ಣ," ಎಂದಳು ದ್ಯಾವಕ್ಕ ಹೊರಗೆ ಬಂದು.

"ಕರ್ತವ್ಯ ಅಕ್ಕ," ಎಂದ ಕಾಳಪ್ಪ.

ಮೊದಮೊದಲು ಬೆಳಿಗ್ಗೆ ಒಂದು ಸಲ ಕೂಗುತ್ತಿದ್ದ. ಆಮೇಲೆ ಹಸಿವಾದಾಗಲೆಲ್ಲ ಕೂಗಿದ. ಕೊನೆಗೆ ಹಸಿವಿಲ್ಲದಿದ್ದರೂ ಕೂಗಿದ. ಅವನ ಹೊಟ್ಟೆ ಬೆಳೆಯಿತು. ಕೂತ ಕೊಂಬೆ ಬಾಗತೊಡಗಿತು. ಕೆಳಗೆ ಹಕ್ಕಿಗಳು ಸೊರಗುತ್ತಿದ್ದವು. ಹಿಡಿದದ್ದರಲ್ಲಿ ಅರ್ಧ ಬಿಟ್ಟು ಓಡುವವರ ಹೊಟ್ಟೆ ತುಂಬುವುದು ಹೇಗೆ? ಕೆಂಚನ ಎದೆಯ ಮೂಳೆ ಗರಿಯೊಳಗಿಂದ ಎದ್ದು ಕಾಣುತ್ತಿತ್ತು. ಈ ವರ್ಷ ಗಿಡುಗಗಳು ಜಾಸ್ತಿ ಎಂದು ಎಲ್ಲರೂ ಮಾತಾಡಿಕೊಂಡರು.

ಅಷ್ಟೊಂದು ಗಿಡುಗಗಳು ಆ ಕಾಡಿನಲ್ಲಿ ಇರಲಿಲ್ಲ. ಇದ್ದದ್ದು ಒಂದು. ಅದು ಹೆಣ್ಣು. ಎತ್ತರದ ಒಣಮರದ ಮೇಲೆ ಕೂತು ಅವಳು ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಸಂಜೆ ಕಾಳಪ್ಪ ಮುತ್ತುಗದ ಮರದಲ್ಲಿ ತೂಕಡಿಸುತ್ತಿದ್ದಾಗ ಅವಳು ಬಂದು ಪಕ್ಕದ ಕೊಂಬೆಯಲ್ಲೇ ಕೂತಳು. ಕಾಳಪ್ಪ ಹಾರಬೇಕೆಂದುಕೊಂಡ. ಆದರೆ ಹೊಟ್ಟೆ ಭಾರವಾಗಿತ್ತು.

"ಕೂತ್ಕೋ, ಕೂತ್ಕೋ," ಎಂದಳು ಗಿಡುಗಮ್ಮ. "ನನ್ನ ದನಿ ಚೆನ್ನಾಗಿ ತೆಗೀತೀಯ. ಒಂದು ದಿನ ನನಗೇ ಹೆದರಿಕೆಯಾಯ್ತು, ನನಗೆ ಗೊತ್ತಿಲ್ಲದೆ ಇನ್ನೊಬ್ಬಳು ಬಂದಳೇನೋ ಅಂತ."

ಕಾಳಪ್ಪ ನಗಲು ನೋಡಿದ. "ತಮಾಷೆಗೆ ತಾಯಿ."

"ತಮಾಷೆ ನಿಲ್ಲಿಸು ಅಂತ ನಾನೆಲ್ಲಿ ಹೇಳಿದೆ? ನಿನ್ನ ಕೆಲಸ ನೀನು ಮಾಡು. ಒಂದೇ ಒಂದು ಕೇಳ್ತೀನಿ. ನೀನು ಕೂಗೋದಕ್ಕೆ ಮುಂಚೆ ನಾನು ಮೆಳೆಯೊಳಗೆ ಹೋಗಿ ಕೂತಿರ್ತೀನಿ. ನಾನು ಹೋಗೋದನ್ನ ನೀನು ನೋಡಬೇಡ. ಅಷ್ಟೇ."

ಕಾಳಪ್ಪ ಕೊಂಬೆಯಲ್ಲಿ ಹಿಂದೆ ಸರಿದ. "ಅವರು ನನ್ನನ್ನ ನಂಬಿದ್ದಾರೆ ತಾಯಿ."

"ಅದಕ್ಕೇ ನಿನ್ನ ಹತ್ತಿರ ಬಂದೆ."

"ನಾನು ಅವರಿಗೆ ಹೇಳಿಬಿಟ್ಟರೆ?"

"ಹೇಳಪ್ಪ. ಗಿಡುಗ ಮೆಳೆಯೊಳಗೆ ಕೂರ್ತಾಳೆ ಅಂತ ಹೇಳು. ಹಾಗಾದರೆ ಇಷ್ಟು ದಿನ ಆಕಾಶದಲ್ಲಿ ನೀನು ನೋಡಿದ್ದು ಯಾರನ್ನ ಅಂತ ಅವರೇ ಕೇಳ್ತಾರೆ. ಅದಕ್ಕೊಂದು ಉತ್ತರ ಹುಡುಕಿಟ್ಟುಕೋ."

ಗಿಡುಗಮ್ಮ ಹಾರಿಹೋದಳು. ಕಾಳಪ್ಪ ಉತ್ತರ ಹುಡುಕಿದ. ಕತ್ತಲಾಗುವವರೆಗೂ ಹುಡುಕಿದ. ಸಿಗಲಿಲ್ಲ. ನಾಳೆ ಕೂಗುವುದೇ ಬೇಡ ಎಂದುಕೊಂಡು ಮಲಗಿದ.

ಬೆಳಿಗ್ಗೆ ಎದ್ದಾಗ ಹಸಿವಾಗಿತ್ತು. ಕೆಳಗೆ ಬೀಸಣಿಗೆ ಬಾಲದ ಸುಬ್ಬಿ ಒಂದು ಹಸಿರು ಮಿಡತೆ ಹಿಡಿದಿದ್ದಳು. ಸೀಗೆಮೆಳೆಯ ಕಡೆ ಒಂದು ನೆರಳು ಸರಿದ ಹಾಗಾಯಿತು. ಕಾಳಪ್ಪ ಕತ್ತು ಬೇರೆ ಕಡೆಗೆ ತಿರುಗಿಸಿದ. ಆಮೇಲೆ ಕೂಗಿದ.

ಎಲ್ಲರೂ ನುಗ್ಗಿದರು. ಮೆಳೆಯೊಳಗಿಂದ ಒಂದು ಸಣ್ಣ ಸದ್ದು ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಕಾಳಪ್ಪ ಮಿಡತೆಯನ್ನು ನುಂಗಿ "ಹೋಯ್ತು" ಎಂದ. ಸುಬ್ಬಿ ಹೊರಗೆ ಬರಲಿಲ್ಲ.

ಪೊದೆಯೊಳಗೆ ಕತ್ತಲು. ಎಲ್ಲರೂ ತಲೆ ತಗ್ಗಿಸಿಕೊಂಡಿದ್ದರು. ಯಾರೂ ಏನನ್ನೂ ಕಂಡಿರಲಿಲ್ಲ. "ಸುಬ್ಬಿ ತಡ ಮಾಡಿರಬೇಕು," ಎಂದ ಕಾಳಪ್ಪ. "ಮೆಳೆಯ ಬಾಗಿಲಲ್ಲೇ ಎತ್ತಿಕೊಂಡು ಹೋಯ್ತು. ನಾನು ಕಣ್ಣಾರೆ ನೋಡಿದೆ."

"ಅಯ್ಯೋ, ಯಾವಾಗಲೂ ಬಾಲ ಬಿಚ್ಚಿಕೊಂಡು ಕುಣೀತಿರ್ತಿದ್ದಳು," ಎಂದಳು ದ್ಯಾವಕ್ಕ. "ಇನ್ನು ಮೇಲೆ ಎಲ್ಲರೂ ಇನ್ನೂ ಬೇಗ ಓಡಬೇಕು."

ಅವರು ಇನ್ನೂ ಬೇಗ ಓಡಿದರು. ಬೇಗ ಓಡಿದವರೇ ಮೊದಲು ಸಿಕ್ಕಿದರು. ಒಬ್ಬೊಬ್ಬರು ಹೋದಾಗಲೂ ಕಾಳಪ್ಪ ತಡ ಮಾಡಿದವರ ಬಗ್ಗೆ ಒಂದು ಮಾತು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜ ಅನ್ನಿಸತೊಡಗಿತು.

ಕೆಂಚನಿಗೆ ಮಾತ್ರ ಓಡಲು ಆಗುತ್ತಿರಲಿಲ್ಲ. ಕಾಲಲ್ಲಿ ಶಕ್ತಿ ಇರಲಿಲ್ಲ. ಒಂದು ದಿನ ಎಲ್ಲರೂ ಮೆಳೆ ಸೇರಿದ ಮೇಲೂ ಅವನು ಹುಲ್ಲಿನ ನಡುವೆ ಅಂಗಾತ ಬಿದ್ದಿದ್ದ. ಅಂಗಾತ ಬಿದ್ದವನು ಮೇಲೆ ನೋಡದೆ ಇನ್ನೆಲ್ಲಿ ನೋಡಬೇಕು?

ಸಂಜೆ ಅವನು ತಾಯಿಯ ರೆಕ್ಕೆಯೊಳಗೆ ಸೇರಿಕೊಂಡು ಹೇಳಿದ. "ಅವ್ವ, ಮೇಲೆ ಯಾರೂ ಇರಲಿಲ್ಲ."

ದ್ಯಾವಕ್ಕ ಅವನ ತಲೆಯ ಮೇಲೆ ಕುಟುಕಿದಳು. "ಮೇಲೆ ನೋಡಿದೆಯಾ? ನೋಡಬಾರದು ಅಂತ ಎಷ್ಟು ಸಲ ಹೇಳಬೇಕು ನಿನಗೆ?"

"ಬರೀ ಆಕಾಶ ಇತ್ತು ಅವ್ವ. ಕಾವಲುಮಾಮ ಕೆಳಗಿಳಿದು ನನ್ನ ಹುಳ ತಿಂದ."

ಮೇಲಿನ ಕೊಂಬೆಯಲ್ಲಿ ಕಾಳಪ್ಪ ಇದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಬಹಳ ಮೃದುವಾದ ದನಿಯಲ್ಲಿ ಮಾತಾಡಿದ.

"ಮರಿಯ ಕಣ್ಣು ಇನ್ನೂ ಹಸಿ ಅಕ್ಕ. ಗಿಡುಗದ ವೇಗ ಅದಕ್ಕೇನು ಗೊತ್ತು? ಬಿದ್ದ ಹುಳ ತಪ್ಪಿಸಿಕೊಂಡು ಹೋಗದಿರಲಿ ಅಂತ ನಾನು ಹಿಡಿದದ್ದು. ನನಗೆ ಇವನದೇ ಯೋಚನೆ. ಓಡೋಕಾಗಲ್ಲ ಪಾಪ. ನಾಳೆಯಿಂದ ಇವನನ್ನ ಮೆಳೆಯ ಬಾಗಿಲ ಹತ್ತಿರಾನೇ ಇಟ್ಕೋ. ನಾನು ಕೂಗಿದ ಕೂಡಲೇ ಎಲ್ಲರಿಗಿಂತ ಮೊದಲು ಇವನು ಒಳಗೆ ಹೋಗಲಿ."

"ನಿನ್ನ ಹೊಟ್ಟೆ ತಣ್ಣಗಿರಲಿ ಅಣ್ಣ," ಎಂದಳು ದ್ಯಾವಕ್ಕ.

ಮಾರನೆಯ ದಿನ ಕಾಳಪ್ಪ ಕೂಗಿದ. ಕೆಂಚ ಎಲ್ಲರಿಗಿಂತ ಮೊದಲು ಒಳಗೆ ಹೋದ.

ಅವನ ಕಂದು ಗರಿಗಳು ಮೆಳೆಯ ಬಾಗಿಲ ಮುಳ್ಳಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿದ್ದವು. ದ್ಯಾವಕ್ಕ ಅಳಲಿಲ್ಲ. ಹರಟೆಮಲ್ಲರ ದಂಡಿನಲ್ಲಿ ಅಂದು ಮೊದಲ ಸಲ ಹರಟೆಯೇ ಇರಲಿಲ್ಲ. ಸಂಜೆ ಅವಳು ಕಾಳಪ್ಪನ ಮರದ ಕೆಳಗೆ ಬಂದಳು. ಅವಳ ಕೊಕ್ಕಿನಲ್ಲಿ ಬೆರಳಿನಷ್ಟು ದಪ್ಪದ ಬಿಳಿ ಹುಳು ಇತ್ತು.

"ಕೆಂಚನಿಗೆ ಅಂತ ಕೊಳೆತ ದಿಮ್ಮಿಯೊಳಗೆ ಬಚ್ಚಿಟ್ಟಿದ್ದೆ ಅಣ್ಣ. ನೀನು ಕೂಗದೆ ಇದ್ದಿದ್ದರೆ ಇವತ್ತು ನಾವೆಲ್ಲ ಹೋಗ್ತಿದ್ವಿ. ನೀನೇ ತಿನ್ನು."

ಕಾಳಪ್ಪನ ಹೊಟ್ಟೆ ತುಂಬಿತ್ತು. ಆದರೂ ತಿಂದ. ಬೇಡ ಅಂದರೆ ಏನು ತಿಳಿದುಕೊಳ್ಳುತ್ತಾಳೋ ಎಂದು ತಿಂದ. ಹುಳು ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ದ್ಯಾವಕ್ಕ ಅಷ್ಟು ಹೊತ್ತೂ ಅವನನ್ನೇ ನೋಡುತ್ತ ನಿಂತಿದ್ದಳು.

ಮಾರನೆಯ ಬೆಳಿಗ್ಗೆ ವಾಕಿಂಗ್ ಹೊರಟಾಗ ದಂಡು ಅರ್ಧಕ್ಕೆ ಇಳಿದಿತ್ತು. ಕಾಳಪ್ಪ ಕೂಗಿದ. ಎಲ್ಲರೂ ಓಡಿದರು. ದ್ಯಾವಕ್ಕ ಓಡಲಿಲ್ಲ. ಅವಳಿಗೆ ಉಳಿಸಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಹುಲ್ಲಿನ ಬುಡದಲ್ಲಿ ಅವಳು ಹಾಗೇ ಕೂತಿದ್ದಳು. ಕೆಳಗಿಳಿದ ಕಾಳಪ್ಪ ಎರಡು ಮಿಡತೆ ತಿಂದ ಮೇಲೆ ಅವಳನ್ನು ಕಂಡ. ಅವನ ಬೆನ್ನ ಹಿಂದೆ, ಮೆಳೆಯ ಆಚೆ ಬದಿಯಿಂದ, ಗಿಡುಗಮ್ಮ ಏನನ್ನೋ ಹೊತ್ತು ಹಾರಿಹೋದಳು. ಆ ಸದ್ದಿಗೆ ಕಾಳಪ್ಪ ತಿರುಗಿಯೂ ನೋಡಲಿಲ್ಲ.

"ಯಾಕಕ್ಕ, ಒಳಗೆ ಹೋಗಲಿಲ್ಲ?"

"ಕಾಲು ಎಡವಿತು ಅಣ್ಣ."

"ಮೇಲೆ ಏನಾದರೂ ನೋಡಿದೆಯಾ?"

"ನೀನು ಬೇಡ ಅಂದಿದ್ದೀಯಲ್ಲ," ಎಂದಳು ದ್ಯಾವಕ್ಕ. ಅವಳ ದನಿ ಯಾವಾಗಿನ ಹಾಗೇ ಇತ್ತು. ಕಾಳಪ್ಪನಿಗೆ ಸಮಾಧಾನವಾಯಿತು. ಇಷ್ಟು ದಿನ ನಂಬಿದವಳು ಇನ್ನೂ ನಂಬುತ್ತಾಳೆ ಎಂದು ನಂಬುವುದು ಅವನಿಗೆ ಸುಲಭವಾಗಿತ್ತು.

ಆ ಸಂಜೆ ದ್ಯಾವಕ್ಕ ಬಿದಿರುಮೆಳೆಯಲ್ಲಿ ಎಲ್ಲ ಹಕ್ಕಿಗಳ ಹತ್ತಿರ ಹೋದಳು. ಏನು ಹೇಳಿದಳೋ ಕಾಳಪ್ಪನಿಗೆ ಕೇಳಿಸಲಿಲ್ಲ. ಮಗ ಸತ್ತ ದುಃಖ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವನು ನಿದ್ದೆ ಹೋದ.

ಬೆಳಗಾಯಿತು. ಬಲೆಗಳ ಮೇಲೆ ಇಬ್ಬನಿ ಹೊಳೆಯಿತು. ಬಯಲಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಸುಳಿದಾಡಿದವು. ಸೀಗೆಮೆಳೆಯೊಳಗೆ ನೆರಳು ಸರಿಯಿತು. ಕಾಳಪ್ಪ ನೋಡಲಿಲ್ಲ. ಹುಳಗಳು ಎದ್ದ ಹೊತ್ತಿಗೆ ಕೂಗಿದ.

ಹಕ್ಕಿಗಳು ಓಡಿದವು. ಆದರೆ ಸೀಗೆಮೆಳೆಗಲ್ಲ. ಹಳ್ಳ ದಾಟಿ ಬಿದಿರುಮೆಳೆಗೆ. ಯಾರೂ ಕೊಕ್ಕು ತೆರೆಯಲಿಲ್ಲ. ಒಂದು ಹುಳವೂ ನೆಲಕ್ಕೆ ಬೀಳಲಿಲ್ಲ.

ಕಾಳಪ್ಪ ಬರಿಯ ನೆಲದ ಮೇಲೆ ಇಳಿದು ನಿಂತ. ಸೀಗೆಮೆಳೆಯ ಬಾಗಿಲಲ್ಲಿ ಗಿಡುಗಮ್ಮನ ಹಳದಿ ಕಣ್ಣು ಕಾಣಿಸಿತು.

"ಇವತ್ತು ಯಾರೂ ಬರಲಿಲ್ಲವಲ್ಲ ಕಾಳಪ್ಪ."

"ನಾಳೆ ಬರ್ತಾರೆ ತಾಯಿ. ದಾರಿ ತಪ್ಪಿರಬೇಕು. ನಾನು ಹೇಳಿ ಸರಿಮಾಡ್ತೀನಿ."

"ನನ್ನ ಹಸಿವು ಇವತ್ತಿನದು."

"ನಾನು ನಿಮ್ಮವನು ತಾಯಿ."

"ಹೌದಲ್ಲ," ಎಂದಳು ಗಿಡುಗಮ್ಮ. "ಅದಕ್ಕೇ ದೂರ ಹುಡುಕಿಕೊಂಡು ಹೋಗೋ ಕೆಲಸ ಇಲ್ಲ."

ಕಾಳಪ್ಪ ಹಾರಿದ. ಹರೆಯದಲ್ಲಾದರೆ ಒಂದು ಮಗ್ಗುಲು ತಿರುಗಿ ಅವಳ ಬೆನ್ನ ಮೇಲೇ ಇರುತ್ತಿದ್ದ. ಈಗ ತಿರುಗಲು ಹೋದಾಗ ಕದ್ದು ತಿಂದದ್ದೆಲ್ಲ ಹೊಟ್ಟೆಯಲ್ಲಿ ಕೂತು ಕೆಳಕ್ಕೆ ಎಳೆಯಿತು. ಅವಳ ಉಗುರು ಅವನ ಬೆನ್ನಿಗೆ ನಾಟಿತು.

"ಬಂತು, ಬಂತು!" ಎಂದು ಕಾಳಪ್ಪ ಕೂಗಿದ. ಎಷ್ಟೋ ದಿನಗಳ ಮೇಲೆ ಅವನು ನಿಜ ಕೂಗಿದ್ದ.

ಬಿದಿರುಮೆಳೆಯಲ್ಲಿ ನಿಂಗಜ್ಜ ಚಡಪಡಿಸಿದ. "ದ್ಯಾವಕ್ಕ, ಈ ಸಲ ನಿಜ ಇರೋ ಹಾಗಿದೆ. ಎಲ್ಲರೂ ಮೇಲೆ ನೋಡಿ ಒಟ್ಟಿಗೆ ಕಿರುಚಿದರೆ ಬಿಟ್ಟು ಹೋಗ್ತಾಳೆ. ನಮ್ಮ ಕಾಲದಲ್ಲಿ..."

ದ್ಯಾವಕ್ಕ ಬಿದಿರಿನ ಬುಡವನ್ನೇ ನೋಡುತ್ತ ಕೂತಿದ್ದಳು.

ಕಾಳಪ್ಪ ನಿಂಗಜ್ಜನ ದನಿಯಲ್ಲಿ ಕೂಗಿದ. ಸುಬ್ಬಿಯ ದನಿಯಲ್ಲಿ ಕೂಗಿದ. ಸತ್ತವರು, ಇದ್ದವರು, ಅವನಿಗೆ ಗೊತ್ತಿದ್ದ ದನಿಗಳೆಲ್ಲ ಒಂದೊಂದಾಗಿ ಆಕಾಶದಿಂದ ಬಂದವು. ಕೊನೆಗೆ ಕೆಂಚನ ದನಿ ಬಂತು. ಚೂರೂ ವ್ಯತ್ಯಾಸವಿರಲಿಲ್ಲ.

"ಅವ್ವ. ಅವ್ವ, ಮೇಲೆ ನೋಡು."

ದ್ಯಾವಕ್ಕನ ಕಾಲುಗುರುಗಳು ಬಿದಿರಿಗೆ ಕಚ್ಚಿಕೊಂಡವು. ಅವಳ ಕತ್ತು ಒಂದು ಸಲ ಮೇಲಕ್ಕೆ ಎಳೆದ ಹಾಗಾಯಿತು. ಆಮೇಲೆ ಅವಳು ಮೆಲ್ಲಗೆ ಹೇಳಿದಳು.

"ಕಾವಲಣ್ಣ ಕೂಗ್ತಿದ್ದಾನೆ. ತಲೆ ತಗ್ಗಿಸಿಕೊಂಡಿರಿ. ಯಾರೂ ಮೇಲೆ ನೋಡಬೇಡಿ."

ಎಲ್ಲರೂ ತಲೆ ತಗ್ಗಿಸಿದರು. ನಿಂಗಜ್ಜನೂ ತಗ್ಗಿಸಿದ. ಕೂಗು ದೂರವಾಯಿತು. ಆಮೇಲೆ ನಿಂತಿತು. "ಹೋಯ್ತು" ಎಂದು ಹೇಳುವವರು ಯಾರೂ ಇರಲಿಲ್ಲ. ಆದ್ದರಿಂದ ಅವರು ಬಹಳ ಹೊತ್ತು ಹಾಗೇ ಕೂತಿದ್ದರು.

ಬಿಸಿಲೇರಿದ ಮೇಲೆ ದ್ಯಾವಕ್ಕ ಒಬ್ಬಳೇ ಬಯಲಿಗೆ ಬಂದಳು. ಮೊದಲು ತಲೆ ಎತ್ತಿ ಆಕಾಶವನ್ನು ಪೂರ್ತಿ ನೋಡಿದಳು. ಹುಲ್ಲಿನ ಮೇಲೆ ಕವಲುಬಾಲದ ಒಂದು ಕಪ್ಪು ಗರಿ ಬಿದ್ದಿತ್ತು. ಅವಳು ಅದನ್ನು ತರಗೆಲೆ ಮಗುಚುವ ಹಾಗೆ ಕೊಕ್ಕಿನಿಂದ ಮಗುಚಿ ನೋಡಿದಳು. ಕೆಳಗೆ ಹುಳ ಇರಲಿಲ್ಲ. ಮುಂದಿನ ಎಲೆಗೆ ಹೋದಳು.

ನೀತಿ: ನಂಬಿದವರ ಕಣ್ಣು ಮುಚ್ಚಿಸಿ ಬದುಕುವವನು ಆಪತ್ತಿನಲ್ಲಿ ಕೂಗಿದರೆ ಅವನ ಕಡೆ ನೋಡುವ ಕಣ್ಣು ಒಂದೂ ಇರುವುದಿಲ್ಲ; ಕಾವಲುಗಾರ ಎಷ್ಟೇ ಒಳ್ಳೆಯವನಿರಲಿ, ಆಗಾಗ ತಲೆ ಎತ್ತಿ ಆಕಾಶವನ್ನು ನಾವೇ ನೋಡಿಕೊಳ್ಳಬೇಕು.